ಎರಡು ಬೊಗಸೆ ರಾಗಿ

ಮಲ್ಲೇಶ್ವರ
16ನೇ ಜೂನ್ 1912, ಭಾನುವಾರ

ಮಾಮೂಲ್‌ಪೇಟೆಯ ಹಾಸಿಗೆ ಅಂಗಡಿ ಸೊಣ್ಣಪ್ಪನವರಿಗೆ,

ಇದು ಮಲ್ಲೇಶ್ವರದಿಂದ ಲಕ್ಷ್ಮೀದೇವಮ್ಮ ಹೇಳಿ ಬರೆಸುವ ಕಾಗದ. ಯುಗಾದಿಗೆ ಮುಂಚೆ ನನ್ನ ಮಗ ಮಾಯಣ್ಣ ನಿಮ್ಮ ಅಂಗಡಿಯಿಂದ ಒಂದು ದಿಂಬು ತಂದಿದ್ದ. ನೋಡುವುದಕ್ಕೆ ಮದುವಣಗಿತ್ತಿ, ತಲೆಯಿಟ್ಟರೆ ಚಪ್ಪಡಿ ಕಲ್ಲು. ದುಡ್ಡು ವಾಪಸು ಕೇಳುತ್ತಿಲ್ಲ, ನಿದ್ದೆ ಬರುವ ದಿಂಬು ಕೇಳುತ್ತಿದ್ದೇನೆ.

ದಿಂಬು ನನಗಲ್ಲ. ನನಗೆ ಊಟದ ಮಣೆ ಕೊಟ್ಟರೂ ನಿದ್ದೆ ಬರುತ್ತದೆ. ಬೇಕಾಗಿರುವುದು ನನ್ನ ಸೊಸೆ ವಿಶಾಲಮ್ಮನಿಗೆ. ಹೋದ ವರ್ಷ ಆಷಾಢ ಕಳೆದ ಮೇಲೆ ಅವಳಿಗೆ ಒಂದು ಹೆಣ್ಣು ಮಗು ಹುಟ್ಟಿತು. ಮೂರು ತಿಂಗಳಿದ್ದು ದೀಪಾವಳಿ ಹೊತ್ತಿಗೆ ಹೋಯಿತು. ಅಲ್ಲಿಂದೀಚೆಗೆ ಅವಳಿಗೆ ನಿದ್ದೆಯೆಂಬುದು ಅಷ್ಟಕ್ಕಷ್ಟೆ. ಈಗ ಮತ್ತೆ ಮೂರು ತಿಂಗಳ ಬಸುರಿ. ದವಾಖಾನೆಯ ಡಾಕ್ಟರಮ್ಮ ಕೈಹಿಡಿದು ನೋಡಿ, ಹೀಗೇ ನಿದ್ದೆಗೆಟ್ಟು ಸೊರಗಿದರೆ ಇದೂ ನಿಲ್ಲುವುದಿಲ್ಲ, ತಾಯಿ ಉಳಿಯುವುದೂ ಕಷ್ಟ ಎಂದು ನನ್ನ ಮುಖಕ್ಕೇ ಹೇಳಿದರು.

ಇನ್ನೊಂದು ವಿಚಿತ್ರ ಕೇಳಿ. ಇವಳು ನಿಮ್ಮ ದಿಂಬನ್ನು ಕಾಲ ಹತ್ತಿರ ತಳ್ಳಿ, ಹಾಸಿಗೆಯ ಮೂಲೆಗೆ ತಲೆಕೊಟ್ಟು ಮುದುಡಿಕೊಳ್ಳುತ್ತಾಳೆ. ನೀವು ಹಾಸಿಗೆ ದಿಂಬು ಬಲ್ಲವರು, ನೀವೇ ಏನಾದರೂ ಯೋಚನೆ ಮಾಡಿ.

(ಅತ್ತೆ ನಿಮಗೆ 'ನೀನು' ಎಂದು ಹೇಳಿದ್ದನ್ನೆಲ್ಲ ನಾನು 'ನೀವು' ಎಂದು ಬರೆದಿದ್ದೇನೆ.)

ಹೇಳಿದ್ದು ಲಕ್ಷ್ಮೀದೇವಮ್ಮ
ಬರೆದದ್ದು ಸೊಸೆ ವಿಶಾಲಮ್ಮ


ಮಾಮೂಲ್‌ಪೇಟೆ
24ನೇ ಜೂನ್ 1912, ಸೋಮವಾರ ಬೆಳಿಗ್ಗೆ

ಲಕ್ಷ್ಮೀದೇವಮ್ಮನವರ ಸಮಕ್ಷಮಕ್ಕೆ ಸೊಣ್ಣಪ್ಪನ ನಮಸ್ಕಾರ.

ತಮ್ಮ ಕಾಗದ ಓದಿ ಮೊದಲು ಸಿಟ್ಟು ಬಂತು, ಮುಚ್ಚಿಡುವುದೇಕೆ. ಹನ್ನೆರಡು ವರ್ಷದಿಂದ ದಿಂಬು ತುಂಬುತ್ತಿದ್ದೇನೆ. ಚಪ್ಪಡಿ ಕಲ್ಲು ಅಂದವರು ಇಲ್ಲ. ಮಧ್ಯಾಹ್ನ ಉಂಡ ಮೇಲೆ ಅದೇ ಅಳತೆಯ ಒಂದು ದಿಂಬು ಹಾಕಿಕೊಂಡು ಅಂಗಡಿಯಲ್ಲೇ ಮಲಗಿ ನೋಡಿದೆ. ಸ್ವಲ್ಪ ಗಟ್ಟಿಯೇ ಅಮ್ಮಾ. ತಪ್ಪಾಯಿತು.

ನನ್ನ ಅಂಗಡಿಯಲ್ಲಿ ಒಂದು ಪುಸ್ತಕ ಇದೆ. ಅದರಲ್ಲಿ ಲೆಕ್ಕಪತ್ರ ಏನೂ ಇಲ್ಲ, ಗಿರಾಕಿಗಳ ಗೊಣಗಾಟ ಮಾತ್ರ. ಯಾರು ಏನು ಗೊಣಗಿದರೂ ಅದರಲ್ಲಿ ಬರೆದಿಡುತ್ತೇನೆ. ಚಾಮರಾಜಪೇಟೆಯ ಒಬ್ಬ ವಕೀಲರು ಉಬ್ಬಸದಿಂದ ಗೋಡೆಗೊರಗಿ ಕೂತೇ ರಾತ್ರಿ ಕಳೆಯುತ್ತಿದ್ದರು. ಅವರ ಗೊಣಗಾಟದಿಂದ ನಮ್ಮ ಇಳಿಜಾರು ದಿಂಬು ಹುಟ್ಟಿತು. ಪ್ಲೇಗು ಕಳೆದ ಮೇಲೆ ಪೇಟೆ ಬಿಟ್ಟು ಬಸವನಗುಡಿಗೆ ಹೋದವರಿಗೆ ಹೊಸ ಮನೆಯ ಕಿಟಕಿಗಳೇ ಕಾಟ. ಕತ್ತಲೆ ಕೋಣೆಯಲ್ಲಿ ಮಲಗಿ ರೂಢಿಯಾದ ಕಣ್ಣಿಗೆ ಬೆಳಕು ಬೀಳುತ್ತದೆ ಎಂದು ಬಂದು ದೂರಿದರು. ಕಣ್ಣಿನ ಮೇಲಿಟ್ಟುಕೊಳ್ಳುವ ಅಂಗೈಯಗಲದ ದಿಂಬು ಮಾಡಿದೆ. ಗಿರಾಕಿ ಗೊಣಗದಿದ್ದರೆ ನಾವು ಕಲಿಯುವುದು ಎಲ್ಲಿಂದ? ಹೊಸ ಮಾದರಿಯನ್ನು ಮೊದಲು ನಮ್ಮವ್ವ ಚಿಕ್ಕಮುನಿಯಮ್ಮನ ತಲೆಗೆ ಕೊಟ್ಟು ನೋಡುತ್ತಿದ್ದೆ. ಪ್ರಯೋಜನವಾಗಲಿಲ್ಲ. ಅವಳು ಹೊಲದ ಬದುವಿನ ಮೇಲೂ ಗೊರಕೆ ಹೊಡೆಯುವವಳು.

ಈಗ ತಮ್ಮ ವಿಷಯ. ಬೂರುಗದ ಹತ್ತಿಯ ದಿಂಬು ಒಂದನ್ನು ಕಳಿಸಿದ್ದೇನೆ, ಹೂವಿನಷ್ಟು ಹಗುರ. ಆದರೆ ಸೊಸೆಯವರು ದಿಂಬು ತಳ್ಳಿ ಹಾಸಿಗೆಯ ಮೂಲೆಗೆ ತಲೆ ಕೊಡುತ್ತಾರೆ ಎಂದರೆ ತಪ್ಪು ದಿಂಬಿನದಲ್ಲ, ಹಾಸಿಗೆಯದು. ನಡುವೆ ಹತ್ತಿ ಗಂಟುಗಟ್ಟಿದೆ, ಮೂಲೆ ಮಾತ್ರ ಮೆತ್ತಗೆ ಉಳಿದಿದೆ. ಇದನ್ನು ನಾನು ಕಣ್ಣಿಂದ ನೋಡದೆಯೇ ಹೇಳಬಲ್ಲೆ. ಈ ಕಾಗದ ತರುವ ನಮ್ಮ ಗಾಡಿಯ ಮುನಿಸ್ವಾಮಿಯ ಕೈಯಲ್ಲಿ ಹಾಸಿಗೆ ಕೊಟ್ಟು ಕಳಿಸಿ. ಪೂರಾ ಬಿಚ್ಚಿ, ಹತ್ತಿ ಹಿಂಜಿ, ಹೊಸದಾಗಿ ತುಂಬಿ ಶುಕ್ರವಾರಕ್ಕೆ ಕೊಡುತ್ತೇನೆ. ಇದಕ್ಕೆ ಕಾಸು ಬೇಡ. ಚಪ್ಪಡಿ ಕಲ್ಲಿನ ದಂಡ ಎಂದು ತಿಳಿಯಿರಿ.

ತಮ್ಮ ವಿಧೇಯ
ಸೊಣ್ಣಪ್ಪ


ಮಲ್ಲೇಶ್ವರ
24ನೇ ಜೂನ್ 1912, ಸಂಜೆ

ಸೊಣ್ಣಪ್ಪನವರೇ,

ಈ ಕಾಗದ ಯಾರೂ ಹೇಳಿ ಬರೆಸಿದ್ದಲ್ಲ. ನಾನು ವಿಶಾಲಮ್ಮ.

ಬೆಳಿಗ್ಗೆ ನಾನು ದವಾಖಾನೆಗೆ ಹೋಗಿದ್ದೆ. ಮನೆಗೆ ಬಂದಾಗ ಹಾಸಿಗೆ ಇರಲಿಲ್ಲ. ನಿಮ್ಮ ಕಾಗದ ಗೂಡಿನಲ್ಲಿತ್ತು. ಅತ್ತೆಗೆ ಓದು ಬಾರದು. ಗಾಡಿಯವನು ಬಾಯಲ್ಲಿ ಹೇಳಿದ್ದನ್ನು ಕೇಳಿ ಎತ್ತಿ ಕೊಟ್ಟಿದ್ದಾರೆ.

ದಯವಿಟ್ಟು ಆ ಹಾಸಿಗೆಯ ಎಡಗಡೆ ತಲೆಯ ಮೂಲೆಯನ್ನು ಬಿಚ್ಚಬೇಡಿ. ಬಿಚ್ಚಿದ್ದರೆ ಅಲ್ಲಿರುವುದನ್ನು ಎಸೆಯಬೇಡಿ. ಹಸಿರು ಸೀರೆಯ ತುಂಡಿನಲ್ಲಿ ಹೊಲಿದ ಒಂದು ಚೀಲ, ಒಳಗೆ ಎರಡು ಬೊಗಸೆ ರಾಗಿ. ಎಳೆಗೂಸಿನ ತಲೆ ಗುಂಡಗಾಗಲಿ ಎಂದು ರಾಗಿ ದಿಂಬು ಇಡುವುದು ನಿಮ್ಮಲ್ಲೂ ಉಂಟಲ್ಲ. ಅದು ನನ್ನ ಪುಟ್ಟಿಯದು.

ಅವಳು ಹೋದ ಮೇಲೆ ಅವಳದೆಲ್ಲ ಮನೆಯಿಂದ ಹೊರಗೆ ಹೋಗಬೇಕು, ಇಟ್ಟುಕೊಂಡರೆ ಮುಂದಿನದಕ್ಕೆ ಆಗದು ಎಂದು ಅತ್ತೆ ಹಟ ಹಿಡಿದರು. ತೊಟ್ಟಿಲು ಹೋಯಿತು, ಬಟ್ಟೆ ಹೋಯಿತು, ಹಾಲು ಕುಡಿಸುವ ಬೆಳ್ಳಿಯ ಒಳಲೆಯನ್ನೂ ಯಾರಿಗೋ ಕೊಟ್ಟರು. ನಾನು ಇದೊಂದನ್ನು ಹಾಸಿಗೆಯ ಮೂಲೆ ಬಿಚ್ಚಿ ಒಳಗಿಟ್ಟು ಹೊಲಿದೆ. ಅಲ್ಲಿ ಕಿವಿಯಿಟ್ಟು ತಲೆ ಹೊರಳಿಸಿದರೆ ಸರ್ ಎನ್ನುತ್ತದೆ. ಅವಳು ಕತ್ತು ತಿರುಗಿಸುವಾಗ ಹಾಗೇ ಅನ್ನುತ್ತಿತ್ತು. ಅದನ್ನು ಕೇಳುತ್ತಾ ಒಂದೊಂದು ಸಲ ಜೋಂಪು ಹತ್ತುತ್ತದೆ. ನನಗಿದ್ದ ನಿದ್ದೆ ಅಷ್ಟೇ.

ಅತ್ತೆಗೆ ತಿಳಿಯುವುದು ಬೇಡ.

ವಿಶಾಲಮ್ಮ


ಮಾಮೂಲ್‌ಪೇಟೆ
27ನೇ ಜೂನ್ 1912, ಗುರುವಾರ

ಲಕ್ಷ್ಮೀದೇವಮ್ಮನವರಿಗೆ ನಮಸ್ಕಾರ. ಹಾಸಿಗೆ ಹಿಂಜಿ ಆಯಿತು, ನಾಳೆ ಬರುತ್ತದೆ. ಬಿಸಿಲಿಗೆ ಒಂದು ಹೊತ್ತು ಹಾಕಿ ಆಮೇಲೆ ಹಾಸಿ.

ಇಲ್ಲಿಂದ ಮುಂದಿನದನ್ನು ಓದಿ ಹೇಳಬೇಡ ತಾಯಿ. ಇದು ನಿನಗೆ.

ಹೇಗೆ ಬರೆಯಲಿ? ನೆಟ್ಟಗೆ ಬರೆದುಬಿಡುತ್ತೇನೆ. ಮಂಗಳವಾರ ಬೆಳಿಗ್ಗೆ ಹಾಸಿಗೆ ಬಿಚ್ಚಿದೆವು. ಹಾಸಿಗೆಯ ಹೊಟ್ಟೆಯಲ್ಲಿ ಏನು ಸಿಕ್ಕಿದರೂ ಬಟ್ಟೆಯಲ್ಲಿ ಕಟ್ಟಿ ಹಾಸಿಗೆಯ ಜೊತೆ ವಾಪಸು ಕೊಡುವುದು ನಮ್ಮ ಅಂಗಡಿಯ ಪದ್ಧತಿ. ಹೇರ್‌ಪಿನ್ನು, ಮೂಗುಬೊಟ್ಟು, ಒಮ್ಮೆ ಒಂದು ಉಂಗುರ, ಎಲ್ಲ ಕೊಟ್ಟಿದ್ದೇವೆ. ಕಾಳು ಮಾತ್ರ ಕೊಡುವುದಿಲ್ಲ. ಹಾಸಿಗೆಯೊಳಗೆ ಹೊಲಿದಿಟ್ಟ ಕಾಳು ಸಿಕ್ಕಿದರೆ ಯಾರೋ ಆಗದವರು ಮಾಡಿಸಿ ಇಟ್ಟದ್ದು, ಆ ಮನೆಗೆ ತಿರುಗಿ ಹೋಗಬಾರದು ಎಂದು ನಮ್ಮ ಕಸುಬಿನವರ ನಂಬಿಕೆ. ಮನೆಯವರಿಗೆ ಹೇಳುವುದೂ ಇಲ್ಲ, ಹೆದರುತ್ತಾರೆ ಎಂದು. ಚೀಲ ಕಂಡಾಗ ಹೊಲಿಗೆಯ ಲಕ್ಕಮ್ಮ ದೂರ ಸರಿದು ಕೂತಳು. ಆಗ ನಮ್ಮವ್ವ, "ಮಾಡ್ಸಿದೋರು ಪಾಪಿಗಳಿರ್ಬೋದು, ರಾಗಿ ಏನ್ ಮಾಡ್ತು?" ಎಂದು ಕಾಳನ್ನು ಸೆರಗಿಗೆ ಸುರಿದುಕೊಂಡು ಹೋದಳು. ಸಂಪಂಗಿ ಕೆರೆಯ ಕೆಳಗೆ ನಮ್ಮದು ಒಂದು ಚೂರು ತೋಟ ಇದೆ. ಅವತ್ತು ಸಂಜೆ ಒಳ್ಳೆಯ ಮಳೆ ಬಂತು. ಬುಧವಾರ ಬೆಳಿಗ್ಗೆ ಹದ ನೋಡಿ ಬಿತ್ತಿಬಿಟ್ಟಳು.

ನಿನ್ನ ಕಾಗದ ಬುಧವಾರ ಮಧ್ಯಾಹ್ನ ಬಂತು.

ಅಂಗಡಿ ಹಾಗೇ ಬಿಟ್ಟು ಓಡಿದೆ. ಮಡಿಯಲ್ಲಿ ಮಂಡಿಯೂರಿ ಆರಿಸಲು ನೋಡಿದೆ. ನಮ್ಮ ಕೆಮ್ಮಣ್ಣಿನ ಬಣ್ಣ ಯಾವುದೋ ಅದೇ ರಾಗಿಯ ಬಣ್ಣ. ಕತ್ತಲಾಗುವವರೆಗೆ ಆರಿಸಿ ಹನ್ನೊಂದು ಕಾಳು ಸಿಕ್ಕಿತು. ಹಸಿರು ಚೀಲದಲ್ಲಿ ಆ ಹನ್ನೊಂದನ್ನೂ ಇಟ್ಟು ಹಾಸಿಗೆಯ ಮೂಲೆಯೊಳಗೇ ಹೊಲಿದಿದ್ದೇನೆ. ಅದು ಸದ್ದು ಮಾಡುವುದಿಲ್ಲ ಎಂದು ನನಗೂ ಗೊತ್ತು.

ಒಂದು ಮಾತು. ಯಾರದೋ ಏನೋ ಎಂದು ನಮ್ಮವ್ವ ಅದನ್ನು ಬೇರೆ ಬೀಜದ ಜೊತೆ ಬೆರೆಸಿಲ್ಲ. ಮೂಲೆಯಲ್ಲಿ ಅದಕ್ಕೇ ಒಂದು ಪುಟ್ಟ ಮಡಿ. ನಾನು ಸುತ್ತ ಮುಳ್ಳು ನೆಟ್ಟು ಬಂದಿದ್ದೇನೆ.

ನೋಡದೆಯೇ ಹೇಳಬಲ್ಲೆ ಎಂದು ಬರೆದಿದ್ದೆನಲ್ಲ, ಆ ನಾಲಿಗೆಗೆ ಬೆಂಕಿ ಬೀಳಲಿ.

ಸೊಣ್ಣಪ್ಪ


ಮಲ್ಲೇಶ್ವರ
22ನೇ ಜುಲೈ 1912

ಸೊಣ್ಣಪ್ಪನವರಿಗೆ,

ಹಾಸಿಗೆ ಉಬ್ಬಿಕೊಂಡು ಚೆನ್ನಾಗಿ ಬಂದಿದೆ. ನಮ್ಮ ಪಕ್ಕದ ಮನೆಯವರು ಬಂದು ಒತ್ತಿ ನೋಡಿ ತಮಗೂ ಬೇಕೆಂದರು. ಆದರೆ ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವಳು ಈಗ ಮೂಲೆಯಲ್ಲೂ ಮಲಗುವುದಿಲ್ಲ. ಬೂರುಗದ ದಿಂಬಿಗೆ ತಲೆಯಿಟ್ಟರೆ ಬಾವಿಗೆ ಇಳಿದಂತಾಗುತ್ತದಂತೆ. ಕಣ್ಣಿನ ಸುತ್ತ ಮಸಿ ಹಚ್ಚಿದ ಹಾಗಾಗಿದೆ. ಮಧ್ಯಾಹ್ನ ಮಲಗು ಅಂದರೆ ನನ್ನ ಮುಂದೆ ಸ್ಲೇಟು ಹಿಡಿದು ಕೂರುತ್ತಾಳೆ. ಈ ವಯಸ್ಸಿನಲ್ಲಿ ನನಗೆ ಅಆಇಈ. ಅವಳು ಸುಮ್ಮನೆ ಗೋಡೆ ನೋಡುತ್ತಾ ಕೂರುವುದಕ್ಕಿಂತ ಇದೇ ವಾಸಿ ಎಂದು ತಿದ್ದುತ್ತಿದ್ದೇನೆ. ಬೇರೆ ಏನಾದರೂ ದಿಂಬು ಇದ್ದರೆ ಕಳಿಸಿ.

ಹೇಳಿದ್ದು ಲಕ್ಷ್ಮೀದೇವಮ್ಮ
ಬರೆದದ್ದು ವಿಶಾಲಮ್ಮ

ಸೊಣ್ಣಪ್ಪನವರೇ, ಇನ್ನು ನನ್ನ ಮಾತು. ನಿಮಗೆ ಬರೆಯಬಾರದು ಅಂದುಕೊಂಡಿದ್ದೆ. ಇಪ್ಪತ್ತು ದಿನ ನಿಮ್ಮ ಮೇಲೂ ನಿಮ್ಮ ತಾಯಿಯ ಮೇಲೂ ಬಹಳ ಸಿಟ್ಟಿತ್ತು, ಈಗಲೂ ಇದೆ. ಕೇಳದೆ ಬಿಚ್ಚುವ ಹಕ್ಕು ನಿಮಗೆ ಯಾರು ಕೊಟ್ಟರು? ಹನ್ನೊಂದು ಕಾಳನ್ನು ಕೈಮೇಲೆ ಹರಡಿಕೊಂಡು ನೋಡುತ್ತೇನೆ. ಆರಿಸಿದಿರಲ್ಲ ಎಂದು ಅಳು ಬರುತ್ತದೆ.

ಮೊಳೆತಿದೆಯೇ?

ವಿ.


ಮಾಮೂಲ್‌ಪೇಟೆ
6ನೇ ಆಗಸ್ಟ್ 1912

ಲಕ್ಷ್ಮೀದೇವಮ್ಮನವರಿಗೆ ನಮಸ್ಕಾರ. ಲಾವಂಚದ ಬೇರು ಸೇರಿಸಿ ತುಂಬಿದ ದಿಂಬೊಂದು, ಅದರೊಂದಿಗೆ ಇನ್ನೊಂದು ಸಣ್ಣದು, ಎರಡನ್ನೂ ಮುನಿಸ್ವಾಮಿ ತಂದಿದ್ದಾನೆ. ಸಣ್ಣದು ಕತ್ತಿನ ನೋವಿಗೆ ಎಂದು ತಿಳಿಯಿರಿ. ಅಕ್ಷರ ಕಲಿಯುತ್ತಿರುವುದು ಕೇಳಿ ಸಂತೋಷವಾಯಿತು. ನನಗೆ ಕೂಲಿಮಠದ ಅಯ್ಯನವರು ಕಿವಿ ಹಿಂಡಿ ಕಲಿಸಿದ್ದು. ತಮ್ಮ ಕಿವಿ ಹಿಂಡುವವರಿಲ್ಲ, ಪುಣ್ಯವಂತರು.

ಮುಂದಿನದು ನಿನಗೆ ತಾಯಿ.

ಮೊಳೆಯಿತು. ಒಂದೂ ಪೊಳ್ಳು ಹೋಗಿಲ್ಲವೇನೋ ಅನ್ನುವಷ್ಟು ಒತ್ತಾಗಿ. ಹೋದ ವಾರ ಪೈರು ಕಿತ್ತು ನಾಟಿ ಮಾಡಿದೆವು. ಸಾಲು ಹಿಡಿದವಳು ನಮ್ಮವ್ವ, ಹಿಂದೆ ಹಿಂದೆ ನಾನು. ಹಾಸಿಗೆಯವನ ಬೆನ್ನು ಹೊಲದವನ ಬೆನ್ನಲ್ಲ, ಎರಡು ದಿನ ಎದ್ದು ನಿಲ್ಲಲಾಗಲಿಲ್ಲ. ನಿನ್ನ ಸಂಗತಿ ಎಲ್ಲ ಅವ್ವನಿಗೆ ಹೇಳಿದೆ. ಈಗ ಆ ಮಡಿಗೆ ಮೊದಲು ನೀರು, ಆಮೇಲೆ ಉಳಿದ ಸೊಪ್ಪು ತರಕಾರಿಗೆ. ಗುಬ್ಬಿ ಬಂದರೆ ಮಾತ್ರ ಅವಳ ಬಾಯಿ ಕೇಳುವಂತಿಲ್ಲ.

ಸಂಜೆ ಅಂಗಡಿ ಮುಚ್ಚಿ ಅಲ್ಲಿಗೆ ಹೋಗಿ ಕೂರುತ್ತೇನೆ. ಕೆರೆಯ ಮೇಲಿಂದ ಗಾಳಿ ಬಂದು ಪೈರು ಒಂದೇ ಕಡೆಗೆ ಒರಗುತ್ತದೆ, ಮತ್ತೆ ಎದ್ದು ನಿಲ್ಲುತ್ತದೆ. ಯಾಕೆ ಹೋಗುತ್ತೇನೋ ತಿಳಿಯದು. ನನ್ನ ದಿಂಬು ಹಾಕಿಕೊಂಡವರು ಏನನ್ನು ಕೇಳುತ್ತಾ ನಿದ್ದೆ ಹೋಗುತ್ತಾರೆ ಎಂದು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ. ಗಟ್ಟಿಯೋ ಮೆತ್ತಗೋ, ಎತ್ತರವೋ ತಗ್ಗೋ, ಇಷ್ಟೇ ಕೇಳಿ ಪುಸ್ತಕದಲ್ಲಿ ಬರೆದುಕೊಂಡೆ.

ಸಣ್ಣ ದಿಂಬಿನಲ್ಲಿ ತುಂಬಿರುವುದು ಪೇಟೆಯಲ್ಲಿ ಕೊಂಡ ರಾಗಿ. ಸದ್ದಾದರೂ ಇರಲಿ ಎಂದು.

ಸೊಣ್ಣಪ್ಪ


ಮಲ್ಲೇಶ್ವರ
2ನೇ ಸೆಪ್ಟೆಂಬರ್ 1912

ಸೊಣ್ಣಪ್ಪಣ್ಣನವರಿಗೆ,

ಲಾವಂಚದ ದಿಂಬು ಅತ್ತೆಗೆ ಹಿಡಿಸಿತು, ಅವರೇ ಇಟ್ಟುಕೊಂಡರು. ಇವತ್ತು ಅವರು ಹೇಳಿ ಬರೆಸುವುದು ಏನೂ ಇಲ್ಲ. ಕಾಗುಣಿತ ತಿದ್ದುತ್ತಾ ಕೂತಿದ್ದಾರೆ.

ನಿಮ್ಮ ಸಣ್ಣ ದಿಂಬಿಗೆ ಕಿವಿಯಿಟ್ಟೆ. ಸದ್ದು ಅದೇ. ಆದರೆ ಅದಲ್ಲ. ನಿಮಗೆ ಬೇಸರವಾಗದಿರಲಿ. ಸದ್ದು ಸರಿಯಾಗಿದ್ದರೆ ಸಾಕು ಎಂದು ನಾನೂ ತಿಳಿದಿದ್ದೆ. ಏನು ಬೇಕು ಎಂದು ಕೇಳಿದರೆ ನನಗೂ ಹೇಳಲು ಬರುತ್ತಿರಲಿಲ್ಲ, ಬೇಡದ್ದು ಕೈಗೆ ಬಂದಾಗಲೇ ಗೊತ್ತಾಗುವುದು.

ಒಳಗಿನ ಕೂಸು ಒದೆಯುತ್ತಿದೆ. ಡಾಕ್ಟರಮ್ಮ ಹೋದ ವಾರ ತಕ್ಕಡಿಯ ಮೇಲೆ ನಿಲ್ಲಿಸಿ, ತಾಯಿ ತೂಕ ಹೆಚ್ಚುವ ತಿಂಗಳಲ್ಲಿ ನೀನು ಇಳಿದಿದ್ದೀಯ ಎಂದರು. ನನಗೆ ಸಾಯುವ ಆಸೆ ಏನೂ ಇಲ್ಲ ಅಣ್ಣ. ಈ ಕೂಸು ನನಗೆ ಬೇಕು. ಆದರೆ ನಾನು ಚೆನ್ನಾಗಿ ಮಲಗಿದ ಹೊತ್ತಿನಲ್ಲೇ ಪುಟ್ಟಿ ಹೋದಳು. ಎದ್ದಾಗ ಅವಳ ಕೈ ತಣ್ಣಗಿತ್ತು. ಇದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಕಣ್ಣು ಮುಚ್ಚಲು ಹೋದಾಗಲೆಲ್ಲ ಅದೇ ಬಂದು ನಿಲ್ಲುತ್ತದೆ.

ಹೊಲವನ್ನು ಒಂದು ಸಲ ನೋಡಬೇಕು.

ವಿಶಾಲಮ್ಮ


ಮಲ್ಲೇಶ್ವರ
14ನೇ ಅಕ್ಟೋಬರ್ 1912

ಅಣ್ಣನವರಿಗೆ,

ನಿನ್ನೆ ನಾವು ಬಂದಾಗ ನೀವು ಅಂಗಡಿಯಲ್ಲಿದ್ದಿರಂತೆ. ನಿಮ್ಮ ತಾಯಿಯವರು ಹೇಳಿರುತ್ತಾರೆ. ಆದರೂ ಬರೆಯುತ್ತೇನೆ.

ಸಂಪಂಗಿ ಕೆರೆ ಕಡೆ ಗಾಳಿಗೆ ಹೋಗಿ ಬರೋಣ ಎಂದು ನನ್ನ ಯಜಮಾನರನ್ನು ಕೇಳಿದೆ. ಯಾಕೆ ಎನ್ನಲಿಲ್ಲ, ಜಟಕಾ ತಂದರು. ಅವರಿಗೆ ಹಾಸಿಗೆ ಮೂಲೆಯ ವಿಷಯ ಮೊದಲಿನಿಂದಲೇ ಗೊತ್ತಿತ್ತೋ ಏನೋ. ಬದುವಿನ ಆ ತುದಿಯಲ್ಲಿ ನಮಗೆ ಬೆನ್ನು ಹಾಕಿ ಕೂತು ಹುಲ್ಲು ಕೀಳುತ್ತಿದ್ದರು.

ಪೈರು ನನ್ನ ಸೊಂಟದುದ್ದ ಇದೆ. ತೆನೆಗಳು ಇನ್ನೂ ಹಸಿರು, ಎಳೆಗೂಸು ಮುಷ್ಟಿ ಹಿಡಿದ ಹಾಗೆ ಬೆರಳು ಮಡಿಸಿಕೊಂಡಿವೆ. ನಾನು ಒಂದನ್ನು ಮುಟ್ಟಿದೆ. ಆಮೇಲೆ ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ನಿಮ್ಮ ತಾಯಿ ಹತ್ತಿರ ಬಂದು ಏನೂ ಸಮಾಧಾನ ಹೇಳಲಿಲ್ಲ. "ಬಾ, ಇಲ್ಲಿ ಮಲಕ್ಕೋ, ನಾನ್ ಎದ್ದಿರ್ತೀನಿ" ಅಂದರು, ಅಷ್ಟೇ. ಅವರ ತೊಡೆಯ ಮೇಲೆ ತಲೆಯಿಟ್ಟೆ. ಗಾಳಿಗೆ ಪೈರು ಪೂರ್ತಿ ಸರ್ ಎಂದಿತು. ಅಷ್ಟು ದೊಡ್ಡದಾಗಿ ಅದು ನನಗೆ ಎಂದೂ ಕೇಳಿಸಿರಲಿಲ್ಲ.

ಕನಸಿನಲ್ಲಿ ಪುಟ್ಟಿ ನಡೆಯುತ್ತಿದ್ದಳು. ಅವಳು ನಡೆಯುವ ವಯಸ್ಸು ಕಂಡವಳಲ್ಲ. ಸಾಲುಗಳ ನಡುವೆ, ತೆನೆ ಅವಳ ನೆತ್ತಿಗಿಂತ ಮೇಲೆ, ಹೋಗುತ್ತಾ ಹೋಗುತ್ತಾ ಕೈಯಿಂದ ಎರಡೂ ಕಡೆಯ ಪೈರನ್ನು ಸವರುತ್ತಿದ್ದಳು. ತಿರುಗಿ ನನ್ನನ್ನು ನೋಡಲಿಲ್ಲ. ನನಗೆ ಭಯವೂ ಆಗಲಿಲ್ಲ. ಕರೆಯಬೇಕು ಅನ್ನಿಸಿತು, ಕರೆಯದೆ ನೋಡುತ್ತಾ ನಿಂತೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಎರಡು ತಾಸು ಮಲಗಿದ್ದೆನಂತೆ. ನಿಮ್ಮ ತಾಯಿಯ ಕಾಲು ಜೋಮು ಹಿಡಿದು ಏಳಲಾಗಲಿಲ್ಲ, ನಾವಿಬ್ಬರೂ ನಕ್ಕೆವು.

ಇನ್ನು ಬರುವಂತಿಲ್ಲ. ಜಟಕಾದ ಕುಲುಕಿಗೆ ರಾತ್ರಿಯೆಲ್ಲ ಸೊಂಟ ನೋವು ಬಂದು, ಇನ್ನು ಮನೆ ದಾಟಬಾರದು ಎಂದು ಡಾಕ್ಟರಮ್ಮ ಬೈದರು. ಮನೆಗೆ ಬಂದ ಮೇಲೆ ಮತ್ತೆ ನಿದ್ದೆ ಇಲ್ಲ.

ವಿಶಾಲಮ್ಮ


ಮಾಮೂಲ್‌ಪೇಟೆ
18ನೇ ಡಿಸೆಂಬರ್ 1912

ತಾಯಿ ವಿಶಾಲಮ್ಮನಿಗೆ ಸೊಣ್ಣಪ್ಪನ ಆಶೀರ್ವಾದ. ಇದರಲ್ಲಿ ಅಮ್ಮಾವರಿಗೆ ಓದುವ ಭಾಗ ಇಲ್ಲ. ಕೇಳಿದರೆ ದಿಂಬಿನ ವಿಷಯ ಎಂದು ಹೇಳು. ಅದು ಸುಳ್ಳೂ ಅಲ್ಲ.

ಕುಯ್ಲಿನ ಹೊತ್ತಿಗೆ ಮೂರು ದಿನ ಜಿಟಿಜಿಟಿ ಮಳೆ ಹಿಡಿದು ನಮ್ಮ ಜೀವ ಬಾಯಿಗೆ ಬಂದಿತ್ತು. ತೆನೆ ನೆಂದು ಅಲ್ಲೇ ಮೊಳೆತರೆ ಎಲ್ಲ ಮುಗಿದಂತೆ. ಅಂಗಡಿಯಲ್ಲಿದ್ದ ಹಾಸಿಗೆಯ ಬಟ್ಟೆಯೆಲ್ಲ ಹೊತ್ತುಕೊಂಡು ಹೋಗಿ ಮೆದೆಗೆ ಹೊದಿಸಿದೆ. ಬಸವನಗುಡಿಯ ಒಂದು ಮದುವೆಮನೆಯ ಹಾಸಿಗೆಗೆ ತಂದಿಟ್ಟ ಪಟ್ಟೆಪಟ್ಟೆ ಬಟ್ಟೆ ಅದು. ಅವರು ಬಂದು ಕೂಗಾಡಿದರು. ಅವರ ಕೂಗಾಟವನ್ನೂ ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.

ಈಗ ಎಲ್ಲ ಕ್ಷೇಮ. ಎತ್ತು ಕಟ್ಟದೆ, ತೆನೆಯ ಮೇಲೆ ಕಲ್ಲಿನ ಗುಂಡು ಹಾಯಿಸದೆ, ಅವ್ವ ಕೋಲಿನಲ್ಲಿ ಬಡಿದು ಬಿಡಿಸಿದಳು. ಮೂರು ಬಿಸಿಲು ಒಣಗಿಸಿದ್ದೇವೆ. ನಾಲ್ಕು ಮೊರ ತುಂಬಿತು ತಾಯಿ. ನೀನು ಮೂಲೆಯಲ್ಲಿ ಬಚ್ಚಿಟ್ಟದ್ದು ಎರಡು ಬೊಗಸೆ.

ಒಂದು ಅಳುಕು ನನ್ನನ್ನು ಕೊರೆಯುತ್ತಿತ್ತು. ಹೋದ ಕೂಸಿನ ರಾಗಿ, ಬರುವ ಕೂಸಿರುವ ಮನೆಗೆ ಕಳಿಸಬಹುದೇ? ನಿಮ್ಮ ಅತ್ತೆಯವರು ಹಿರಿಯರು, ಅವರು ಹೇಳಿದ ಶಾಸ್ತ್ರ ಇಲ್ಲದ್ದೇನಲ್ಲ. ಅವ್ವನನ್ನು ಕೇಳಿದೆ. ಅವಳು ಮೊರದಲ್ಲಿ ಕೇರುತ್ತಾ ತಲೆಯೆತ್ತದೆ ಹೇಳಿದಳು: "ಮಣ್ಣಿಗ್ ಬಿದ್ದಿದ್ ಕಾಳು ಅಲ್ಲೇ ಹೋಯ್ತು ಕಣಪ್ಪಾ. ಇದು ಅದರ ಮಕ್ಳು."

ಹಾಗಾಗಿ ಅದೇ ರಾಗಿ ತುಂಬಿದ ದಿಂಬೊಂದನ್ನು ಮುನಿಸ್ವಾಮಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಹೊಲಿದವಳು ಲಕ್ಕಮ್ಮ, ಅವತ್ತು ಚೀಲ ಕಂಡು ದೂರ ಸರಿದವಳೇ, ಕೇಳಿ ಇಸಿದುಕೊಂಡು ಹೊಲಿದಳು. ಅಳತೆ ಕೂಸಿನದಲ್ಲ, ನಿನ್ನ ಕಿವಿಯದು. ಕೂಸಿಗೆ ಬೇಕೆಂದರೆ ಇನ್ನೊಂದು ಮಾಡೋಣ, ಮಿಕ್ಕ ರಾಗಿ ಅವ್ವನ ಹತ್ತಿರ ಗಡಿಗೆಯಲ್ಲಿದೆ. ಒಂದು ಹಿಡಿಯನ್ನೂ ಮುದ್ದೆಗೆ ಕೊಡುವುದಿಲ್ಲವಂತೆ.

ಅತ್ತೆಯವರಿಗೆ ಮಾತ್ರ ತಿಳಿಯದಿರಲಿ. ಅವರ ಮನಸ್ಸು ನೋಯುವುದು ಬೇಡ.

ಮಲಗು ತಾಯಿ. ಎದ್ದಿರುವುದಕ್ಕೆ ಬೇರೆಯವರಿದ್ದಾರೆ.

ಸೊಣ್ಣಪ್ಪ


ಮಲ್ಲೇಶ್ವರ
ಡಿಸೆಂಬರ್ 27

ಸೊಣ್ಣಪ್ಪನಿಗೆ,

ನಾನು ಲಕ್ಷ್ಮೀದೇವಮ್ಮ. ಅಕ್ಷರ ಸೊಟ್ಟಗಿದೆ. ನಗಬೇಡ.

ನಿನ್ನ ಮುನಿಸ್ವಾಮಿ ಗಂಟು ಕಾಗದ ತಂದಾಗ ವಿಶಾಲೂಗೆ ನೋವು ಶುರುವಾಗಿತ್ತು. ಮಾಯಣ್ಣ ಡಾಕ್ಟರಮ್ಮನ್ನ ಕರೆಯೋಕೆ ಓಡಿದ್ದ. ಸೂಲಗಿತ್ತಿ ನನ್ನನ್ನ ಬಾಗಿಲ ಆಚೆ ಕೂರಿಸಿದ್ಲು. ಕೈಗೆ ಏನಾದ್ರೂ ಬೇಕಲ್ಲ ಅಂತ ಕಾಗದ ಬಿಚ್ಚಿದೆ. ರಾ ಗೊತ್ತಿತ್ತು. ಗಿ ಗೊತ್ತಿತ್ತು. ಕೂಸು ಗೊತ್ತಿತ್ತು. ಒತ್ತಕ್ಷರ ಬಂದ ಕಡೆ ನಿಂತು ನಿಂತು ಓದಿದೆ. ಅವಳು ಒಳಗೆ ನರಳ್ತಾ ಇದ್ಲು, ನಾನು ಹೊರಗೆ ಓದ್ತಾ ಇದ್ದೆ. ಅತ್ತೆಗೆ ತಿಳಿಯದಿರಲಿ ಅಂತ ಬರ್ದಿದೀಯ. ಅದನ್ನೂ ಓದಿದೆ.

ಸಿಟ್ಟು ಬಂತು. ಇಷ್ಟು ತಿಂಗಳು ನನ್ನ ಮುಂದೇನೇ ಕೂತು ನನಗೆ ಗೊತ್ತಾಗದಂಗೆ ಬರ್ಕೊಂಡ್ರಲ್ಲ. ಗಂಟು ತಗೊಂಡು ಹಿತ್ತಲಿಗೆ ಹೋದೆ, ಬೇಲಿ ಆಚೆ ಎಸೆಯೋಣ ಅಂತ. ಎತ್ತಿದೆ. ಒಳಗೆ ಸರ್ ಅಂತು. ಬಾವಿ ಕಟ್ಟೆ ಮೇಲೆ ಕೂತ್ಬಿಟ್ಟೆ.

ಅವತ್ತು ಎಲ್ಲಾ ಹೊರಗೆ ಹಾಕ್ಸಿದ್ದು ನಾನೇ. ಕಣ್ಣೆದುರಿಗೆ ಇಲ್ದಿದ್ರೆ ಮರೆತು ಹೋಗುತ್ತೆ ಅಂದ್ಕೊಂಡೆ. ಅದು ನನಗೂ ಮೊಮ್ಮಗಳಲ್ವಾ. ಮಣೆ ಕೊಟ್ರೂ ನಿದ್ದೆ ಬರುತ್ತೆ ಅಂತ ನಿನಗೆ ಬರೆಸಿದ್ದೆ. ಸುಳ್ಳು. ಒಂದು ವರ್ಷದಿಂದ ನಾನೂ ಮಲಗಿಲ್ಲ. ಹೇಳಿ ಬರೆಸೋಣ ಅಂದ್ರೆ ಬರೆಯೋಳು ಅವಳೇ ಆಗಿದ್ಲು.

ಹೆರಿಗೆ ಎರಡು ದಿನ ಕಷ್ಟ ಆಯ್ತು. ಹೆಣ್ಣು ಮಗು. ಗಟ್ಟಿಯಾಗಿದೆ. ಬಾಣಂತಿ ಮಾತ್ರ ಬೆಳ್ಳಗೆ ಹತ್ತಿ ಆಗಿದ್ಲು, ಕಣ್ಣು ಮುಚ್ಚೋಕೆ ಒಲ್ಲಳು, ಮಗೂನೇ ನೋಡ್ತಾಳೆ. ಈಗ ನಿದ್ದೆ ಬಂದ್ರೆ ಉಳೀತಾಳೆ, ಇಲ್ದಿದ್ರೆ ನಾನೇನೂ ಹೇಳಲಾರೆ ಅಂದ್ರು ಡಾಕ್ಟರಮ್ಮ. ನಾನೇ ಹೋಗಿ ನಿನ್ನ ದಿಂಬು ಅವಳ ಕಿವಿ ಕೆಳಗೆ ಇಟ್ಟೆ. ಸದ್ದು ಕೇಳಿ ನನ್ನ ಮುಖ ನೋಡಿದ್ಲು. ಪುಟ್ಟೀದು ಕಣೇ, ಮಲಕ್ಕೋ, ನಾನು ಎದ್ದಿರ್ತೀನಿ ಅಂದೆ. ಅತ್ತಳು. ನಾನೂ ಅತ್ತೆ. ಆಮೇಲೆ ಮಲಗಿದ್ಲು.

ಅವತ್ತಿಂದ ಮಲಗ್ತಾ ಇದಾಳೆ. ಹಾಲಿಗೆ ಮಾತ್ರ ಎಬ್ಬಿಸ್ತೀನಿ. ಮಗು ನನ್ನ ಮಡಿಲಲ್ಲಿದೆ, ಅದಕ್ಕೇ ಸಾಲು ಇನ್ನೂ ಸೊಟ್ಟ.

ಗಡಿಗೆಯಲ್ಲಿ ಮಿಕ್ಕಿರೋ ರಾಗೀಲಿ ಎರಡು ಬೊಗಸೆ ನನಗೆ ತುಂಬಿ ಕಳಿಸು. ಲಾವಂಚದ್ದು ಚೆನ್ನಾಗಿಲ್ಲ, ನಿದ್ದೆ ಬರಲ್ಲ. ನಿನ್ನ ಗೊಣಗಾಟದ ಪುಸ್ತಕದಲ್ಲಿ ನನ್ನ ಹೆಸರಲ್ಲಿ ಬರ್ಕೋ. ನಿಮ್ಮವ್ವಂಗೆ ನಾನು ಕೇಳ್ದೆ ಅಂತ ಹೇಳು.

ಇಷ್ಟು ಬರೆಯೋಕೆ ಎರಡು ದಿನ ಹಿಡೀತು. ತಪ್ಪಿದ್ರೆ ನೀನೇ ಸರಿ ಮಾಡ್ಕೊಂಡು ಓದು. ತಿದ್ದೋಳು ಮಲಗಿದಾಳೆ, ಎಬ್ಬಿಸಲ್ಲ.

ಹೇಳಿದ್ದೂ ಬರೆದದ್ದೂ
ಲಕ್ಷ್ಮೀದೇವಮ್ಮ